ಶಿಕ್ಷಕರ ಅಭಿಪ್ರಾಯ ಆನ್‌ಲೈನ್‌ನಲ್ಲಿ ಕೇಳುವುದು ಹೇಗೆ? ಎಲ್ಲರೂ ‘ಒಪ್ಪುತ್ತೇನೆ’ ಅಂತಲೇ ಒತ್ತಿದ್ದಾರೆ

ಬಿಳಿಹಾಳೆ:
ಹೊಸ ಪರೀಕ್ಷಾ ಪದ್ಧತಿ ಬಗ್ಗೆ ಶಿಕ್ಷಕರು ಏನನ್ನುತ್ತಾರೆ ಅಂತ ತಿಳಿಯಲು ಗೂಗಲ್ ಫಾರ್ಮ್ ಮಾಡಿ, ಮುಖ್ಯ ಶಿಕ್ಷಕರ ಕೈಲಿ ವಾಟ್ಸಾಪ್ ಗುಂಪುಗಳಿಗೆ ಹಾಕಿಸಿದೆ. 10 ದಿನದಲ್ಲಿ 140 ಉತ್ತರ ಬಂತು. ತೆರೆದು ನೋಡಿದರೆ 32 ಪ್ರಶ್ನೆಗೂ ಬಹಳ ಜನ ‘ಒಪ್ಪುತ್ತೇನೆ’ ಅಂತಲೇ ಒತ್ತುತ್ತಾ ಹೋಗಿದ್ದಾರೆ, ಕೊನೆಯಲ್ಲಿ ನಿಮ್ಮ ಮಾತಲ್ಲಿ ಬರೆಯಿರಿ ಅಂತ ಕೊಟ್ಟ ಜಾಗದಲ್ಲಿ ‘ಚೆನ್ನಾಗಿದೆ’ ಅಂತಲೋ ಬರೀ ಒಂದು ಚುಕ್ಕಿಯೋ ಇದೆ. ಇದೇ ಪದ್ಧತಿಯನ್ನು ಸ್ಟಾಫ್ ರೂಮಿನಲ್ಲಿ ಬೈಯುವುದನ್ನು ನಾನೇ ಕೇಳಿದ್ದೇನೆ. ಇನ್ನೂ 200 ಜನರಿಗೆ ಕಳಿಸಿದರೆ ಸರಿಹೋಗುತ್ತದಾ?

ಸೀಮೆಸುಣ್ಣ:
ನಾನು ಪಾಠ ಮಾಡುವವಳು, ಇಂಥ ಲಿಂಕ್ ತುಂಬಾ ಬರುತ್ತವೆ. ಮುಖ್ಯ ಶಿಕ್ಷಕರು ಕಳಿಸಿದ ಲಿಂಕಿಗೆ ನಿಜ ಬರೆಯಲು ಧೈರ್ಯ ಬರುವುದಿಲ್ಲ ಸರ್. ಹೆಸರು ಬೇಡ ಅಂತೀರಿ, ಆದರೆ ಶಾಲೆ, ವಿಷಯ, ಎಷ್ಟು ವರ್ಷದ ಸೇವೆ ಅಂತ ಮೂರನ್ನೂ ಕೇಳುತ್ತೀರಿ. ನಮ್ಮಲ್ಲಿ ಗಣಿತಕ್ಕೆ ಇರುವುದು ನಾನೊಬ್ಬಳೇ. ಒಬ್ಬರಿಗೆ ಒಂದೇ ಉತ್ತರ ಅನ್ನುವ ಆಯ್ಕೆ ಹಾಕಿದ್ದರೆ ಫಾರ್ಮ್ ಲಾಗಿನ್ ಕೇಳುತ್ತದೆ, ಮೇಲೆ ನನ್ನ ಇಮೇಲ್ ಕಾಣುತ್ತದೆ. ಅದು ನಿಮಗೆ ಬರುವುದಿಲ್ಲ ಅಂತ ಪಕ್ಕದಲ್ಲೇ ಬರೆದಿದ್ದರೂ ಕೈ ತಡೆಯುತ್ತದೆ. ಆಗ ‘ಒಪ್ಪುತ್ತೇನೆ’ ಅಂತ ಒತ್ತಿ ಸುಮ್ನೆ ಮುಗಿಸುತ್ತೇವೆ.

ಅಂಕಿಲೆಕ್ಕ:
ಜಾಸ್ತಿ ಜನ ಉತ್ತರಿಸಿದರೆ ನಿಜ ಸಿಗುತ್ತದೆ ಅಂದುಕೊಳ್ಳಬೇಡಿ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುಂಚೆ, ಯಾರಿಗೆ ವೋಟು ಅಂತ ಕೇಳಿದ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು, ಲ್ಯಾಂಡನ್ ಗೆಲ್ಲುತ್ತಾರೆ ಅಂತ ಹೇಳಿತು, ಗೆದ್ದದ್ದು ರೂಸ್‌ವೆಲ್ಟ್. ಯಾರನ್ನು ಕೇಳಿದರು, ಅವರಲ್ಲಿ ಯಾರು ಉತ್ತರಿಸಿದರು ಅನ್ನುವುದರಲ್ಲೇ ತಪ್ಪಿತ್ತು. ನಿಮ್ಮ ಲಿಂಕ್ ಎಷ್ಟು ಜನರಿಗೆ ತಲುಪಿತು ಅಂತಲೇ ನಿಮಗೆ ಗೊತ್ತಿಲ್ಲ ಅಲ್ವಾ? ಮೊದಲು ಶಿಕ್ಷಕರ ಪಟ್ಟಿ ಮಾಡಿ, ಅದರಿಂದ ಚೀಟಿ ಎತ್ತಿದ ಹಾಗೆ ಆರಿಸಿ, ನೀವೇ ನೇರವಾಗಿ ಕಳಿಸಿ. 32 ಪ್ರಶ್ನೆ ಫೋನಿನಲ್ಲಿ ಯಾರೂ ಮನಸ್ಸಿಟ್ಟು ಓದುವುದಿಲ್ಲ, 12ಕ್ಕೆ ಇಳಿಸಿ. ‘ಮಕ್ಕಳಿಗೂ ಶಿಕ್ಷಕರಿಗೂ ಅನುಕೂಲ’ ಅಂತ ಒಂದೇ ಸಾಲಲ್ಲಿ ಎರಡನ್ನು ಕೇಳಬೇಡಿ, ಮಕ್ಕಳಿಗೆ ಅನುಕೂಲ ಆಗಿ ತನಗೆ ಕೆಲಸ ಹೆಚ್ಚಾದವರು ಏನು ಒತ್ತಬೇಕು? ಕೆಲವು ಸಾಲು ಉಲ್ಟಾ ಅರ್ಥದಲ್ಲಿರಲಿ, ಓದದೆ ಒತ್ತಿದವರು ಅಲ್ಲಿ ಗೊತ್ತಾಗುತ್ತಾರೆ.

ಬಿಳಿಹಾಳೆ:
ಶಾಲೆಯ ಹೆಸರು ಕೇಳಿದ್ದು ನನ್ನದೇ ತಪ್ಪು, ಅದರಿಂದ ನನಗೆ ಉಪಯೋಗವೂ ಇರಲಿಲ್ಲ. ಆದರೆ ಸ್ಟಾಫ್ ರೂಮಿನ ಆ ಮಾತು ಫಾರ್ಮಿನಲ್ಲಿ ಬರುತ್ತದಾ?

ಹಳೇಡೈರಿ:
ಫಾರ್ಮಿನಲ್ಲಿ ಕಷ್ಟ. ಬೇರೆ ಬೇರೆ ಶಾಲೆಯ 6–8 ಜನರನ್ನು ಸೇರಿಸಿ, ಅಡ್ಡಹೆಸರಿನಲ್ಲಿ ಬರೆಯುವ ಒಂದು ಚರ್ಚಾ ಪುಟ ಮಾಡಿ. ವಾಟ್ಸಾಪ್ ಗುಂಪು ಬೇಡ, ಅಲ್ಲಿ ನಂಬರ್ ಕಾಣುತ್ತದೆ. ಎರಡು ದಿನಕ್ಕೊಂದು ಪ್ರಶ್ನೆ ಹಾಕಿ, ಅವರು ರಾತ್ರಿ ಮನೆಕೆಲಸ ಮುಗಿಸಿ ಬರೆಯಲಿ. ಒಬ್ಬರು ‘ಅಂಕ ತುಂಬುವುದರಲ್ಲೇ ಪಾಠದ ಹೊತ್ತು ಹೋಯಿತು’ ಅಂದರೆ ಉಳಿದವರೂ ಬಾಯಿ ಬಿಡುತ್ತಾರೆ. ಮಾತು ಟೈಪ್ ಆಗಿಯೇ ಇರುವುದರಿಂದ ಬರೆದುಕೊಳ್ಳುವ ಕೆಲಸವೂ ಇಲ್ಲ. ಅವರಾಡಿದ ಮಾತಿನಿಂದಲೇ ಆಮೇಲೆ ಫಾರ್ಮಿನ ಪ್ರಶ್ನೆ ಮಾಡಿ.

ಸೀಮೆಸುಣ್ಣ:
ಹಾಗಿದ್ದರೆ ನಾನೂ ಬರೆಯುತ್ತೇನೆ. ಪರೀಕ್ಷೆಯ ವಾರದಲ್ಲಿ ಮಾತ್ರ ಶುರು ಮಾಡಬೇಡಿ.