ಅಪ್‌ಡೇಟ್: ಪತ್ರಿಕೆಗೆ ದೂರು ಕೊಟ್ಟಿದ್ದು ಏನಾಯ್ತು ಅಂದ್ರೆ

ಹೋದ ತಿಂಗಳು ಕೇಳಿದ್ದೆನಲ್ಲ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗಕ್ಕೆ ನೀರು ಬರ್ತಿಲ್ಲ ಅಂತ ನಾವು ಧರಣಿ ಕೂತರೆ, ಮಂಡ್ಯದ ಪತ್ರಿಕೆಯೊಂದು ಅಧಿಕಾರಿಗಳ ಮಾತಷ್ಟೇ ಹಾಕಿತ್ತು, ಯಾರಿಗೆ ದೂರು ಕೊಡೋದು ಅಂತ.

ಮೊದಲು ಆ ಪತ್ರಿಕೆಯವರಿಗೇ ಫೋನ್ ಮಾಡಿದೆ. "ಓದುಗರ ಪತ್ರಕ್ಕೆ ಬರೆದು ಕಳಿಸಿ ಸಾರ್" ಅಂದ್ರು. ಒಂದೂವರೆ ಪುಟ ಬರೆದೆ. ಅಚ್ಚಾಗಿದ್ದು ನಾಲ್ಕು ಸಾಲು, ಅದೂ ನಾಲೆಯ ಹೂಳು ತೆಗೆಸಬೇಕು ಅನ್ನೋದು! ಪತ್ರಿಕೆ ಬಗ್ಗೆ ಬರೆದಿದ್ದರಲ್ಲಿ ಒಂದಕ್ಷರವೂ ಇಲ್ಲ. ನನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿ. ಊರಲ್ಲಿ ಎಲ್ರೂ "ಪೇಪರ್‌ನಲ್ಲಿ ಬಂದಿದ್ದೀಯಲ್ಲೋ" ಅಂತ ಶಹಬ್ಬಾಸ್ ಹೇಳ್ತಾರೆ. ಏನಂತ ಹೇಳಲಿ?

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಆಮೇಲೆ ಸಂಪಾದಕರಿಗೇ ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿದ್ದಕ್ಕೆ ದಾಖಲೆ ಇದೆ, ಉತ್ತರ ಇಲ್ಲ. ಇನ್ನು ಉಳಿದಿರೋದು ಭಾರತೀಯ ಪತ್ರಿಕಾ ಮಂಡಳಿ. ದಿನಪತ್ರಿಕೆ ಆದ್ರೆ ಸುದ್ದಿ ಬಂದ 2 ತಿಂಗಳೊಳಗೆ ದೂರು ಕೊಡಬೇಕು, ಸುದ್ದಿಯ ತುಣುಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಬೇಕು. 1978ರ ಕಾಯ್ದೆ ಪ್ರಕಾರ ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕೋ ಅಧಿಕಾರ ಇಲ್ಲ. ಹಲ್ಲಿಲ್ಲದ ಹಾವು ಅಂತ ಗೊತ್ತು. ಆದ್ರೂ ನಾಳೆ ಜೆರಾಕ್ಸ್ ಮಾಡ್ಸಿ ಕಳಿಸ್ತೀನಿ.

ಪೇಪರ್ ಮಾತ್ರ ನಿಲ್ಸಿಲ್ಲ. ಅಪ್ಪನಿಗೆ ಬೆಳಿಗ್ಗೆ ಕಾಫಿ ಜೊತೆ ಅದೇ ಬೇಕು.