ಸಹಾಯ ಬೇಕು: ಬಿಸಿಯಾದ ಮೇಲೆ ಏಕಾಏಕಿ ನಿಂತುಹೋಗುವ ಹಳೆಯ ಕಾರು

ಎಲ್ಲರಿಗೂ ನಮಸ್ಕಾರ. ನಮ್ಮ 2004ರ ಪೆಟ್ರೋಲ್ ಕಾರು ಉಡುಪಿಯಿಂದ ಹೊರಟು ಹೆದ್ದಾರಿ 66ರಲ್ಲಿ ಪಡುಬಿದ್ರಿ, ಸುರತ್ಕಲ್ ದಾಟುವವರೆಗೂ ಯಾವ ತಕರಾರಿಲ್ಲದೆ ಓಡಿ, ಮಂಗಳೂರಿನ ಕೊಟ್ಟಾರ ಚೌಕಿಯ ವಾಹನದಟ್ಟಣೆಯಲ್ಲಿ ಎಂಜಿನ್ ಬಿಸಿಯೇರಿದಾಗ ಒಮ್ಮೊಮ್ಮೆ ಏಕಾಏಕಿ ನಿಂತುಹೋಗುತ್ತದೆ. ಮುಂಚೆ ಎಳೆತ ಕಡಿಮೆಯಾಗುವುದಿಲ್ಲ, ಜರ್ಕ್ ಹೊಡೆಯುವುದಿಲ್ಲ. ಗಾಡಿ ಇನ್ನೂ ಗೇರಿನಲ್ಲೇ ಉರುಳುತ್ತಿರುವಾಗಲೇ ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸೊನ್ನೆಗೆ ಬೀಳುತ್ತದೆ. ಆಗ ಸ್ಟಾರ್ಟರ್ ಚೆನ್ನಾಗಿ ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ, ಬಾನೆಟ್ ತೆರೆದು ತಣಿಯಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ.

ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದಾಗಿದೆ. ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡೂ ಸಿಗಲಿಲ್ಲ. ಮೆಕ್ಯಾನಿಕ್ ಫ್ಯೂಯೆಲ್ ಪಂಪ್ ಬದಲಿಸೋಣ ಎನ್ನುತ್ತಾರೆ. ಪಂಪ್ ದುರ್ಬಲವಾಗಿದ್ದರೆ ಎಂಜಿನ್ ಮೊದಲು ತಡವರಿಸಬೇಕಿತ್ತು, ಜೊತೆಗೆ ಗೇರಿನಲ್ಲಿ ಎಂಜಿನ್ ಇನ್ನೂ ತಿರುಗುತ್ತಿದ್ದರೂ ಮುಳ್ಳು ಸೊನ್ನೆಗೆ ಬೀಳುವುದರಿಂದ ನನಗೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆಯೇ ಸಂಶಯ. ತಣ್ಣಗಿರುವಾಗ ಮಲ್ಟಿಮೀಟರ್‌ನಲ್ಲಿ ಸರಿಯಿರುವ ಸೆನ್ಸರ್ ಬಿಸಿಯಲ್ಲಿ ಕೈಕೊಡುವುದುಂಟು.

ಅಮ್ಮನನ್ನು ಚಿಕಿತ್ಸೆಗೆ ಇದೇ ಕಾರಿನಲ್ಲಿ ಕರೆತರುವುದರಿಂದ ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತಾ ಕೂರಲು ಮನಸ್ಸಿಲ್ಲ. ನಿಂತ ಆ ಹೊತ್ತಿನಲ್ಲೇ ಸ್ಪಾರ್ಕ್, ಪೆಟ್ರೋಲ್ ಒತ್ತಡ, ಸೆನ್ಸರ್ ಸಿಗ್ನಲ್ ಇವುಗಳಲ್ಲಿ ಯಾವುದನ್ನು ಮೊದಲು, ಹೇಗೆ ಪರೀಕ್ಷಿಸಬೇಕೆಂದು ಅನುಭವವಿರುವವರು ದಯವಿಟ್ಟು ತಿಳಿಸಿ. ಮಂಗಳೂರು, ಉಡುಪಿ ಸುತ್ತಮುತ್ತ ಹಳೆಯ ಗಾಡಿಗಳ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಯಾರಾದರೂ ಗೊತ್ತಿದ್ದರೆ ಅದನ್ನೂ ಹೇಳಿ.