ಮಗಳು 10 ತಿಂಗಳು ಜರ್ಮನಿಯ ಒಂದು ಮನೆಯಲ್ಲಿ ಇರಬೇಕು, ಅನುಭವ ಇದ್ದವರು ಹೇಳಿ

ಶಿವಮೊಗ್ಗದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 16 ವರ್ಷ, ಎಸ್ಸೆಸ್ಸೆಲ್ಸಿ ಮುಗಿದಿದೆ. ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ ಜರ್ಮನಿಗೆ ಆಯ್ಕೆ ಆಗಿದ್ದಾಳೆ, ರೋಟರಿ ಕ್ಲಬ್ಬಿನವರು ಮಕ್ಕಳನ್ನು ಬೇರೆ ದೇಶದ ಶಾಲೆಗೆ ಕಳಿಸುವ ಕಾರ್ಯಕ್ರಮ ಅದು. ಫ್ರೈಬುರ್ಗ್ ಹತ್ತಿರ ಒಂದು ಸಣ್ಣ ಊರು, ಆಗಸ್ಟ್ ಕೊನೆಗೆ ಹೊರಡಬೇಕು. ಅಲ್ಲಿ ಒಂದು ಕುಟುಂಬದ ಜೊತೆ ಇರುತ್ತಾಳೆ. ಆ ಮನೆಯವರು ಮೇಲ್ ಮಾಡಿ ಫೋಟೋ ಕಳಿಸಿದ್ದಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ದೊಡ್ಡ ನಾಯಿ. ಒಳ್ಳೆಯವರ ಥರಾನೇ ಕಾಣುತ್ತಾರೆ. ಆದರೂ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ನಾವು ಸಸ್ಯಾಹಾರಿಗಳು. ಕೇಕಿನಲ್ಲಿ ಮೊಟ್ಟೆ ಇದ್ದರೆ ಅವಳಿಗೆ ಪರವಾಗಿಲ್ಲ, ಆಮ್ಲೆಟ್ ಆಗುವುದಿಲ್ಲ. ನಾಯಿ ಅಂದರೆ ಸ್ವಲ್ಪ ಭಯ. "ಗುರುತು ಪರಿಚಯ ಇಲ್ಲದವರ ಮನೇಲಿ ಹೆಣ್ಣುಮಗೂನ ಬಿಡ್ತೀಯಲ್ಲ, ದುಡ್ಡೂ ತಗೊಳ್ಳದೆ ಅವರು ಯಾಕೆ ಇಟ್ಕೋತಾರೆ" ಅಂತ ನಮ್ಮತ್ತೆ ದಿನಾ ಶುರು ಮಾಡುತ್ತಾರೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನದೂ ಹೌದು. ಏನೇನು ಕಟ್ಟಿ ಕಳಿಸಬಹುದು? ದಿನಾ ವಿಡಿಯೋ ಕಾಲ್ ಮಾಡಿದರೆ ಅವರು ಏನಾದರೂ ಅಂದುಕೊಳ್ಳುತ್ತಾರಾ? ಮೊದಲೇ ಅವರಿಗೆ ಏನು ಹೇಳಿಬಿಡಬೇಕು?

ಬ್ಲೇಜರ್ ಹುಡುಗಿ

ಆಂಟಿ, ನಾನೂ ಇದೇ ಕಾರ್ಯಕ್ರಮದಲ್ಲಿ ಜರ್ಮನಿಗೆ ಹೋಗಿ ಬಂದವಳು. ಉಡುಪಿಯವಳು, ಈಗ ಬೆಂಗಳೂರಲ್ಲಿ ಓದುತ್ತಿದ್ದೇನೆ.

ಮೊದಲು ಅಜ್ಜಿಗೆ ಉತ್ತರ. ರೋಟರಿಯಲ್ಲಿ ಮನೆಯವರಿಗೆ ದುಡ್ಡು ಕೊಡುವುದಿಲ್ಲ ಅನ್ನುವುದು ಹೌದು. ಎಷ್ಟೋ ಕಡೆ ಅವರ ಮಕ್ಕಳೂ ಹೀಗೇ ಬೇರೆ ದೇಶಕ್ಕೆ ಹೋಗಿ ಯಾರದೋ ಮನೆಯಲ್ಲಿ ಉಂಡು ಬಂದಿರುತ್ತಾರೆ, ಇಲ್ಲ ಹೋಗುವವರಿರುತ್ತಾರೆ. ಆ ಋಣ ಇಲ್ಲಿ ತೀರಿಸುತ್ತಾರೆ ಅನ್ನಿ. ವರ್ಷಪೂರ್ತಿ ಒಂದೇ ಮನೆಯೂ ಇರುವುದಿಲ್ಲ, ಸಾಮಾನ್ಯವಾಗಿ ಎರಡು ಮೂರು ಮನೆ ಬದಲಾಗುತ್ತದೆ. ಕೈಖರ್ಚಿಗೆ ಅಲ್ಲಿಯ ಕ್ಲಬ್ಬೇ ತಿಂಗಳಿಗೆ ಇಷ್ಟು ಅಂತ ಕೊಡುತ್ತದೆ.

ಊಟದ ವಿಷಯ. ಸಸ್ಯಾಹಾರಿ ಅಂದರೆ ಅಲ್ಲಿ ಯಾರೂ ಕಣ್ಣು ಬಿಡುವುದಿಲ್ಲ, ಅಂಗಡಿ ತುಂಬಾ ಸಿಗುತ್ತದೆ. ಕಷ್ಟ ಆಗುವುದು ನಮ್ಮ ಸಂಕೋಚದಿಂದ. ನಮ್ಮಲ್ಲಿ ಯಾರಾದರೂ ಇನ್ನೊಂದು ಸ್ವಲ್ಪ ಅಂದರೆ ಬಾಯಿ ತಾನೇ "ಬೇಡ ಬೇಡ" ಅನ್ನುತ್ತದೆ, ಅಷ್ಟರಲ್ಲಿ ಅವರು ಬಡಿಸಿಯೇ ಬಿಟ್ಟಿರುತ್ತಾರೆ. ಅಲ್ಲಿ ಬೇಡ ಅಂದರೆ ಬೇಡ. ಪಾತ್ರೆ ಪಕ್ಕದವರ ಕಡೆ ಹೋಗುತ್ತದೆ, ವಾಪಸ್ ಬರಲ್ಲ. ಹಸಿವಾಗಿದ್ದರೆ ಹೌದು ಅನ್ನಬೇಕು, ಇಲ್ಲವಾದರೆ ತಾನೇ ಕೇಳಿ ಹಾಕಿಕೊಳ್ಳಬೇಕು. ಇದನ್ನು ಈಗಿನಿಂದಲೇ ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ, ತಮಾಷೆ ಅಲ್ಲ.

ರಾತ್ರಿ ಊಟ ತುಂಬಾ ಮನೆಗಳಲ್ಲಿ ತಣ್ಣಗಿರುತ್ತದೆ. ದಪ್ಪ ಕಂದು ಬ್ರೆಡ್ಡು, ಬೆಣ್ಣೆ, ಚೀಸು, ಹೆಚ್ಚಿದ ಸೌತೆಕಾಯಿ, ವಿನೆಗರ್‌ನಲ್ಲಿ ಹಾಕಿದ ಮಿಡಿ ಸೌತೆ. ಎಲ್ಲರಿಗೂ ಒಂದೊಂದು ಪುಟ್ಟ ಮರದ ಹಲಗೆ, ಅದರ ಮೇಲೇ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುವುದು. ಇದಾದ ಮೇಲೆ ಏನೋ ಬಿಸಿಯಾಗಿ ಬರುತ್ತದೆ ಅಂತ ಕಾಯುವುದು ಬೇಡ, ಅದೇ ಊಟ. ಅಂಟಂಟು ಜೆಲ್ಲಿ ಮಿಠಾಯಿ ಯಾರಾದರೂ ಕೊಟ್ಟರೆ ಪ್ಯಾಕೆಟ್ ಓದಲಿ, ಹೆಚ್ಚಿನವುಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ.

ಇನ್ನೊಂದು, ಅಜ್ಜಿಗೆ ಹೇಳಬೇಡಿ. ಜರ್ಮನಿಯಲ್ಲಿ 16ಕ್ಕೆ ಬಿಯರ್ ಕುಡಿಯಲು ಕಾನೂನೇ ಬಿಡುತ್ತದೆ. ಕ್ಲಾಸಿನವರು ಕುಡಿಯುತ್ತಾರೆ. ರೋಟರಿ ನಿಯಮದಲ್ಲಿ ಕುಡಿತ, ಡ್ರಗ್ಸ್, ಡ್ರೈವಿಂಗ್, ಡೇಟಿಂಗ್ ನಾಲ್ಕೂ ಇಲ್ಲ. ನಾನು ಎಕ್ಸ್‌ಚೇಂಜ್ ವಿದ್ಯಾರ್ಥಿ, ನಮಗೆ ನಿಯಮ ಇದೆ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಮೇಡಂ, ತುಪ್ಪ, ಪೇಡ, ಹಾಲಿನ ಯಾವುದೇ ಪದಾರ್ಥ ಬ್ಯಾಗಿನಲ್ಲಿ ಹಾಕಬೇಡಿ. ಹೊರಗಿನಿಂದ ಬರುವವರು ಹಾಲು, ಮಾಂಸದ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಇಂಗು ಸಾಕು. ಅಕ್ಕಿ, ಬೇಳೆ ಇಲ್ಲೇ ಸಿಗುತ್ತದೆ. ಕುಕ್ಕರ್ ಹೊರಿಸಿ ಕಳಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಚಳಿಗೆ ಅಲ್ಲಿಂದಲೇ ಜಾಕೆಟ್ ತರಬೇಕಾಗಿಲ್ಲ, ಬಂದಮೇಲೆ ಕೊಂಡರೆ ಒಳ್ಳೆಯದು. ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ಬೆಳಿಗ್ಗೆ 8 ಗಂಟೆಗೆ ಬೆಳಕು ಸರಿಯಾಗಿ ಹರಿದಿರುವುದಿಲ್ಲ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು. ಮಕ್ಕಳು ಮಂಕಾಗುವುದು, ಮನೆ ನೆನಪಾಗಿ ಅಳುವುದು ಆಗಲೇ ಜಾಸ್ತಿ. ಆ ದಿನಗಳಲ್ಲಿ ನೀವು ಗಟ್ಟಿಯಾಗಿರಿ.

ಮನೆಯ ಸಣ್ಣಪುಟ್ಟ ಪದ್ಧತಿ: ಜನವರಿಯ ಚಳಿಯಲ್ಲೂ ದಿನಾ ಸ್ವಲ್ಪ ಹೊತ್ತು ಕಿಟಕಿ ಪೂರ್ತಿ ತೆಗೆದಿಡುತ್ತಾರೆ, ಅವಳು ಹೋಗಿ ಮುಚ್ಚಬಾರದು. ಕಸ ಬೇರೆ ಬೇರೆ ಡಬ್ಬಕ್ಕೆ. ಭಾನುವಾರ ಅಂಗಡಿ ಬಂದ್, ಗಲಾಟೆ ಇಲ್ಲ. ಯಾರಿಗೂ ಹುಟ್ಟುಹಬ್ಬದ ಶುಭಾಶಯ ಹಿಂದಿನ ದಿನವೇ ಹೇಳಬಾರದು, ಅಪಶಕುನ ಅನ್ನುತ್ತಾರೆ. ನಮ್ಮವರಿಗೇ ಶಕುನ ಜಾಸ್ತಿ ಅಂದುಕೊಂಡಿದ್ದೆ!

ಲೆಕ್ಕಾಚಾರ

ಎಲ್ಲಾ ಸರಿ. ಪಿಯುಸಿ? ಒಂದು ವರ್ಷ ವೇಸ್ಟ್ ಆಗಲ್ವಾ? ಜೊತೆಯವರು ಆಗಲೇ ಸಿಇಟಿ, ನೀಟ್ ಕೋಚಿಂಗ್ ಶುರು ಮಾಡಿರುತ್ತಾರೆ.

ಬ್ಲೇಜರ್ ಹುಡುಗಿ

ಒಂದು ವರ್ಷ ಹಿಂದೆ ಬೀಳುತ್ತಾಳೆ, ಅದನ್ನು ಮುಚ್ಚಿಡುವುದೇನಿಲ್ಲ. ಅಲ್ಲಿ ಕಲಿತದ್ದನ್ನು ಇಲ್ಲಿ ಫಸ್ಟ್ ಪಿಯು ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ ಅಂತ ನಂಬಿ ಕೂರಬೇಡಿ. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಹೋಗುವುದೇ ಒಳ್ಳೆಯದು. ಪಿಯು ಮಧ್ಯೆ ಎದ್ದು ಹೋದರೆ ಹಾಜರಾತಿ 75% ಅಂತ ಒದ್ದಾಟ. ವೇಸ್ಟಾ ಅಂದರೆ, ಅದು ಮನೆಯವರು ಸೇರಿ ಯೋಚಿಸಬೇಕಾದ್ದು. ಮೆಡಿಕಲ್ಲೇ ಬೇಕು, ತಡ ಆಗಬಾರದು ಅನ್ನುವವರು ಹೋಗದಿದ್ದರೇ ಸರಿ.

ಮೈಸೂರು ಮನೆ

ನಾನು ಆಚೆ ಕಡೆಯಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಬ್ಬಳು ಜರ್ಮನ್ ಹುಡುಗಿ ಕೆಲವು ತಿಂಗಳು ಇದ್ದಳು. ಬಂದ ಹೊಸತರಲ್ಲಿ ರೂಮು ಬಿಟ್ಟು ಬರುತ್ತಿರಲಿಲ್ಲ. ಸ್ಕೂಲಿಂದ ಬಂದ ತಕ್ಷಣ ಬಾಗಿಲು ಹಾಕಿಕೊಂಡು ಅಮ್ಮನ ಜೊತೆ ಫೋನು. ನಮಗೆ ಬೇಜಾರು, ನಾವೇನು ಕಡಿಮೆ ಮಾಡಿದೆವು ಅಂತ. ನಾವೂ ಅತಿಥಿ ಅಂತ ಅವಳನ್ನು ಒಂದು ಲೋಟ ಎತ್ತಿಡಲೂ ಬಿಡುತ್ತಿರಲಿಲ್ಲ. ಒಂದು ದಿನ ನಮ್ಮ ಕೆಲಸದವರು ಬರಲಿಲ್ಲ. ಹುರಳಿಕಾಯಿ ಮುಂದಿಟ್ಟು ನಾರು ತೆಗೆದುಕೊಡು ಅಂದೆ. ಒಂದೊಂದನ್ನೂ ಸ್ಕೇಲ್ ಇಟ್ಟ ಹಾಗೆ ಒಂದೇ ಉದ್ದಕ್ಕೆ ಹೆಚ್ಚಿ, ಸಾಲಾಗಿ ಜೋಡಿಸಿಟ್ಟಿದ್ದಳು! ಅವತ್ತಿನಿಂದ ಸಂಜೆ ಹೊತ್ತು ಅಡುಗೆಮನೆ ಕಟ್ಟೆ ಮೇಲೇ ಅವಳ ಜಾಗ. ಫೋನು ತಾನಾಗೇ ಕಡಿಮೆ ಆಯಿತು.

ಅದಕ್ಕೇ ಹೇಳುವುದು ಶಿವಮೊಗ್ಗದವರೇ, ದಿನಾ ವಿಡಿಯೋ ಕಾಲ್ ಬೇಡವೇ ಬೇಡ. ಭಾನುವಾರ ಒಂದು ಸಲ ಸಾಕು, ನಡುವೆ ಮೆಸೇಜ್ ಇದ್ದೇ ಇದೆ. ನಿಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀವು ಊಟ ಮುಗಿಸಿ ಆರಾಮಾಗಿ ಫೋನ್ ಹಿಡಿಯುವ ಹೊತ್ತು ಅವರೆಲ್ಲ ಟೇಬಲ್ ಸುತ್ತ ಕೂರುವ ಹೊತ್ತು. ಅವಳು ಅಲ್ಲಿ ಕೂರಬೇಕು, ನಿಮ್ಮ ಫೋನಲ್ಲಿ ಅಲ್ಲ. ಒರಟಾಗಿ ಹೇಳಿದೆ ಅನ್ನಿಸಿದರೆ ಕ್ಷಮಿಸಿ.

ಶಿವಮೊಗ್ಗದ ಅಮ್ಮ

ಒರಟೇನಿಲ್ಲ ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ಅಷ್ಟೆ. ಭಾನುವಾರಕ್ಕೆ ಒಪ್ಪಿದ್ದೇನೆ. ಅತ್ತೆಗೆ ಋಣದ ಮಾತು ಹೇಳಿದೆ, ಅದು ಅವರಿಗೆ ಹಿಡಿಸಿತು. ಈಗ ಆ ಮನೆಯವರಿಗೆ ಊಟ, ನಾಯಿ ಎರಡರ ಬಗ್ಗೆಯೂ ಮೇಲ್ ಬರೆಯುತ್ತಿದ್ದೇನೆ. ನಾಯಿ ವಿಷಯ ಬರೆದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಬ್ಲೇಜರ್ ಹುಡುಗಿ

ಇಲ್ಲ ಆಂಟಿ, ಖಂಡಿತ ಬರೆಯಿರಿ. ನೇರವಾಗಿ ಹೇಳಿದರೆ ಅವರಿಗೆ ಸಲೀಸು, ಹೇಳದೆ ಮುಖ ಸಣ್ಣ ಮಾಡಿಕೊಂಡರೆ ಅರ್ಥ ಆಗುವುದಿಲ್ಲ. ಆದರೆ ಮೇಲ್ ನೀವು ಬರೆಯಬೇಡಿ, ಅವಳು ಬರೆಯಲಿ. ಏನು ತಿನ್ನಲ್ಲ ಅನ್ನುವುದರ ಜೊತೆ ಏನು ಇಷ್ಟ ಅನ್ನುವುದನ್ನೂ ಬರೆಯಲಿ. ನಾಯಿಯ ಹೆಸರು ಕೇಳಲಿ. ಇಂಗ್ಲಿಷಲ್ಲೇ ಇರಲಿ, ಕೊನೆಗೆ ಎರಡು ಸಾಲು ಜರ್ಮನ್. ಬೆಂಗಳೂರು ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲರ್ ಭವನದವರು ಆನ್‌ಲೈನ್ ಕ್ಲಾಸೂ ನಡೆಸುತ್ತಾರೆ, ಆಗಸ್ಟ್ ಒಳಗೆ ಸೀಟು ಸಿಗುತ್ತಾ ವಿಚಾರಿಸಿ. ವೀಸಾ ಅಪಾಯಿಂಟ್‌ಮೆಂಟ್ ಆಯ್ತಾ? ಆಗಿಲ್ಲ ಅಂದರೆ ಮೇಲ್‌ಗಿಂತ ಮೊದಲು ಅದು.